ಹಲಸಂಗಿಯ ಗೆಳೆಯರು, ವಿಜಯಪುರದ ವಕೀಲರು

ಸ್ಮರಣ ಸಂಚಿಕೆಯ ಮೊದಲ ಪುಟಗಳು ಪದಾಧಿಕಾರಿಗಳಿಗೆ ಮೀಸಲು: ಅಧ್ಯಕ್ಷರು, ಕಾರ್ಯದರ್ಶಿ, ಕೋಶಾಧ್ಯಕ್ಷರು. ಹಲಸಂಗಿ ಗೆಳೆಯರ ಬಳಗಕ್ಕೆ ಅಂಥದೊಂದು ಪುಟ ಮಾಡಲು ಕೂತರೆ ಭಾವಚಿತ್ರಗಳು ಸಿಗುತ್ತವೆ, ಕೆಳಗೆ ಬರೆಯಲು ಹುದ್ದೆಗಳು ಸಿಗುವುದಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ. ಗೆಳೆಯರು, ಅಷ್ಟೇ. ಅಂದು ಇಂಡಿ ತಾಲ್ಲೂಕಿನಲ್ಲಿದ್ದು ಈಗ ಚಡಚಣಕ್ಕೆ ಸೇರಿರುವ ಸಣ್ಣ ಊರಿನಲ್ಲಿ ಕೂತು, ಕನ್ನಡ ಜಾನಪದಕ್ಕೆ ಅಚ್ಚಿನ ಮನೆಯ ಬಾಗಿಲು ತೆರೆದವರು ಇವರು. ನಮ್ಮ ಜಿಲ್ಲೆಯಲ್ಲಿ ಪರಂಪರೆಯ ಕೆಲಸವನ್ನು ಮುನ್ನಡೆಸುವುದು ಎಂದರೇನೆಂದು ತಿಳಿಯಬೇಕಾದರೆ ಇವರಿಂದಲೇ ಸುರುಮಾಡಬೇಕು.

ಚೆನ್ನಮಲ್ಲಪ್ಪ ಗಲಗಲಿ ಇಂಡಿ ತಾಲ್ಲೂಕಿನ ಹಿರೇಲೋಣಿಯಲ್ಲಿ 1903ರಲ್ಲಿ ಹುಟ್ಟಿ ಹಲಸಂಗಿಯಲ್ಲಿ ಬೆಳೆದವರು. ಶಾಲೆಯ ಓದು ಮುಲ್ಕಿ ಪರೀಕ್ಷೆಗೆ ನಿಂತಿತು, ಮುಂದಿನದೆಲ್ಲ ಸ್ವಂತ ಓದು. ಮಧುರಚೆನ್ನರೆಂದು ನಾಡಿಗೆ ಪರಿಚಯವಾದ ಈ ಮನುಷ್ಯ ‘ನನ್ನ ನಲ್ಲ’ದ ಕವಿ, ಯೋಗಿ ಅರವಿಂದರ ಹಾದಿಯ ಸಾಧಕ. ತೀರಿಕೊಂಡದ್ದು 1953ರ ಆಗಸ್ಟ್ 15ರಂದು, ಅರವಿಂದರ ಜನ್ಮದಿನ. ಬದುಕಿದ್ದು ಐವತ್ತೇ ವರ್ಷ. ಚಡಚಣದ ಸಿಂಪಿ ಲಿಂಗಣ್ಣನವರು ಶಾಲಾ ಮಾಸ್ತರರು. ಬಳಗದ ದೀರ್ಘಾಯುಷಿ ಅವರೇ. ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠಕ್ಕೆ ಹೋಗಿ ಕೂರುವ ಹೊತ್ತಿಗೆ ಎಂಬತ್ತು ದಾಟಿತ್ತು. ಇವರ ಬೆನ್ನಿಗೆ ಸಂಸ್ಥಾನವಾಗಲಿ ವಿಶ್ವವಿದ್ಯಾಲಯವಾಗಲಿ ಇರಲಿಲ್ಲ. ಮುಂಬಯಿ ಇಲಾಖೆಯ ಕಟ್ಟಕಡೆಯ ಕನ್ನಡ ಹಳ್ಳಿಗಳವು. ಭೀಮೆ ದಾಟಿದರೆ ಸೊಲ್ಲಾಪುರ, ಪೇಟೆಯ ಮಾತು ಮರಾಠಿ.

ಅಂಥ ಹಲಸಂಗಿಯಿಂದ 1931ರಲ್ಲಿ ಹೆಂಗಸರ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ಬಂತು. ಎರಡು ವರ್ಷಕ್ಕೆ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ರೇವಪ್ಪನವರ ‘ಮಲ್ಲಿಗೆ ದಂಡೆ’. ಮೊದಲ ಪುಸ್ತಕಕ್ಕೆ ಬಿ.ಎಂ.ಶ್ರೀಯವರೇ ಮುನ್ನುಡಿ ಬರೆದರು. ಕಾವ್ಯದ ಬೇರನ್ನು ಜನರ ಹಾಡಿನಲ್ಲಿ ಕಂಡ ಮುನ್ನುಡಿ ಅದು. ಧಾರವಾಡದಿಂದ ಬೇಂದ್ರೆಯವರ ಸ್ನೇಹವೂ ಹಲಸಂಗಿಯ ಕಡೆ ಹರಿದುಬಂತು.

ಆ ಹಾಡುಗಳು ಹುಟ್ಟುವ ಜಾಗವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬೆಳ್ಳಿ ಮೂಡುವ ಹೊತ್ತು. ಇಬ್ಬರು ಹೆಣ್ಣುಮಕ್ಕಳು ಎದುರುಬದುರು ಕೂತಿದ್ದಾರೆ, ನಡುವೆ ಬೀಸುವ ಕಲ್ಲು. ಗೂಟಕ್ಕೆ ಇಬ್ಬರ ಕೈ. ಒಬ್ಬಾಕೆ ಬಿಡುಗೈಯಿಂದ ಕಲ್ಲಿನ ಬಾಯಿಗೆ ಜೋಳ ಹಾಕುತ್ತಾಳೆ. ಒಬ್ಬಾಕೆ ಸಾಲು ಎತ್ತಿದರೆ ಇನ್ನೊಬ್ಬಾಕೆ ಅದನ್ನೇ ಹಿಡಿದು ಎಳೆಯುತ್ತಾಳೆ. ತ್ರಿಪದಿಯ ಎರಡನೆಯ ಸಾಲು ಹಾಡುವಾಗ ಒಡೆದು ಮರಳುವುದು, ಮೂರನೆಯದಕ್ಕೆ ಮುಂಚೆ ದನಿ ತುಸು ತಂಗುವುದು, ಎಲ್ಲವೂ ಕಲ್ಲಿನ ಸುತ್ತಿಗೆ ಹೊಂದಿಕೊಂಡದ್ದು. ತವರು, ತಮ್ಮ, ತೊಟ್ಟಿಲ ಕೂಸು, ಅತ್ತೆಮನೆ ಎಲ್ಲ ಹಿಟ್ಟಿನ ಜೊತೆಗೇ ಉದುರುತ್ತವೆ. ಕಲ್ಲಿನ ಮುಂದಿಂದ ಎಬ್ಬಿಸಿ ಹಾಡು ಹೇಳವ್ವಾ ಎಂದರೆ ಹಾಡು ಬಾರದು. ಪರಪುರುಷನ ಎದುರಂತೂ ಅಂದಿನ ಗರತಿ ಬಾಯಿ ತೆರೆಯುತ್ತಿರಲಿಲ್ಲ. ಹಾಗಿದ್ದೂ ಪುಸ್ತಕ ತುಂಬುವಷ್ಟು ಹಾಡು ಕೂಡಿಬಂತೆಂದರೆ ಆ ಗಂಡುಹುಡುಗರ ಮೇಲೆ ಊರಿನ ಹೆಂಗಸರು ಇಟ್ಟ ನಂಬಿಕೆ ಎಷ್ಟಿರಬೇಕು! ಬಳಗದ ನಿಜವಾದ ಬಂಡವಾಳ ಅದೇ ಎಂದು ನಾನು ತಿಳಿದಿದ್ದೇನೆ.

ಲಾವಣಿಯದು ಬೇರೆ ಸಂಗತಿ. ಅದು ಡಪ್ಪಿನ ಮೇಲೆ ನಾಲ್ಕು ಜನರೆದುರು ನಿಂತು ಹಾಡುವಂಥದು. ಕೊನೆಯ ನುಡಿಯಲ್ಲಿ ಕವಿ ತನ್ನ ಊರು ಹೇಳುತ್ತಾನೆ, ಹೆಸರು ಹೇಳುತ್ತಾನೆ. ಹಲಸಂಗಿಯ ಖಾಜಾಭಾಯಿಯ ಹೆಸರು ಉಳಿದುಬಂದದ್ದು ಹಾಗೆ.

ಇದೇ ವರ್ಷಗಳಲ್ಲಿ ವಿಜಯಪುರದ ಒಬ್ಬ ವಕೀಲರು ಓಲೆಗರಿಗಳ ಮುಂದೆ ಕೂತಿದ್ದರು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಹುಟ್ಟಿದ್ದು ಧಾರವಾಡದಲ್ಲಿ, 1880ರಲ್ಲಿ. ವಿಜಯಪುರವನ್ನು ಕರ್ಮಭೂಮಿ ಮಾಡಿಕೊಂಡರು. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, ಆಮೇಲೆ ಶಾಸನಸಭೆ. ಇಷ್ಟು ಮಾಡಿದವರು ಅಲ್ಲಿಗೇ ನಿಂತಿದ್ದರೂ ಊರು ಅವರನ್ನು ನೆನೆಯುತ್ತಿತ್ತು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದ ಮೇಲೆ ಪರರ ಅಚ್ಚುಕೂಟ ನಂಬಿ ಕೆಲಸ ಸಾಗದೆಂದು ಮನವರಿಕೆಯಾಗಿ, ಇದ್ದ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಬ್ಯಾಂಕು ಕಟ್ಟಿದ ಮನುಷ್ಯ ಕಡೆಗಾಲದಲ್ಲಿ ಬಾಡಿಗೆ ಮನೆಯಲ್ಲಿದ್ದರು ಎಂಬುದನ್ನು ನಮ್ಮ ಜಿಲ್ಲೆಯ ಯಾವ ಸಂಸ್ಥೆಯ ಮುಖ್ಯಸ್ಥರೂ ಮರೆಯಬಾರದು.

ಅವರು ಓಲೆಗರಿಗಳ ಮುಂದೆ ಕೂರುವವರೆಗೆ ಸುಮಾರು ಐವತ್ತು ವಚನಕಾರರ ಹೆಸರಷ್ಟೇ ಜನಕ್ಕೆ ಗೊತ್ತಿತ್ತು. ಹಳಕಟ್ಟಿಯವರು ಆ ಸಂಖ್ಯೆಯನ್ನು ಇನ್ನೂರೈವತ್ತರ ಹತ್ತಿರಕ್ಕೆ ತಂದರು. ಅದು ಸಾಧ್ಯವಾದದ್ದು ಅಂಕಿತದಿಂದ. ಗರಿ ಹರಿದಿರಲಿ, ಹುಳು ತಿಂದಿರಲಿ, ವಚನದ ಕೊನೆಗೆ ಅಂಕಿತ ಉಳಿದಿದ್ದರೆ ಹೇಳಿದವರು ಯಾರೆಂದು ಹಿಡಿಯಬಹುದು. ಮುದ್ದೇಬಿಹಾಳ ತಾಲ್ಲೂಕಿನ ಕೃಷ್ಣೆಯ ದಡದಲ್ಲಿರುವ ತಂಗಡಗಿ ಶರಣೆ ನೀಲಾಂಬಿಕೆಯ, ಶರಣ ಹಡಪದ ಅಪ್ಪಣ್ಣನ ನೆನಪಿನ ಊರು. ಅಪ್ಪಣ್ಣನ ಮಡದಿ, ವಚನಕಾರ್ತಿ ಲಿಂಗಮ್ಮ ಆಡಿದ ಮಾತು ಅಂಕಿತದ ಬಲದಿಂದ ಇಂದಿಗೂ ಲಿಂಗಮ್ಮನದೇ, ಎಂಟುನೂರು ವರ್ಷದ ಮೇಲೂ. ಆದರೆ ತೊಂಬತ್ತು ಚಿಲ್ಲರೆ ವರ್ಷದ ಹಿಂದೆ ಹಲಸಂಗಿಯಲ್ಲಿ ಜೋಳ ಬೀಸುತ್ತ ತ್ರಿಪದಿ ಕಟ್ಟಿದ ಹೆಣ್ಣುಮಗಳು ಯಾರು? ಆ ಹಾಡಿಗೆ ಅಂಕಿತವಿಲ್ಲ. ತಾಯಿಯಿಂದ ಮಗಳಿಗೆ, ತವರಿಂದ ಅತ್ತೆಮನೆಗೆ ಹೋಗುತ್ತ ಅದು ಎಲ್ಲರದಾಯಿತು. ನನಗೆ ಇದು ಸಮಾಧಾನ ಕೊಡುವ ಉತ್ತರವಲ್ಲ.

ಹಳಕಟ್ಟಿಯವರ ಸಂಸ್ಥೆಯನ್ನು ಮುಂದೆ ಹೊತ್ತವರೂ ಇದೇ ನೆಲದವರು. ಇಂಡಿ ಸೀಮೆಯ ಬಂಥನಾಳದ ಸಂಗನಬಸವ ಶಿವಯೋಗಿಗಳು ಮಠದಿಂದ ಹೊರಬಂದು ಬಿ.ಎಲ್.ಡಿ.ಇ.ಗೆ ಮರುಜೀವ ತುಂಬಿದರು. ಸಿಂದಗಿ ತಾಲ್ಲೂಕಿನ ಯರಗಲ್ಲದ ರೈತರ ಮಗ ಎಂ.ಎಂ. ಕಲಬುರ್ಗಿ ವಚನಗಳ ಸಮಗ್ರ ಸಂಪುಟಗಳಿಗೆ ದುಡಿದರು. ವಚನಗಳನ್ನು ಭಾರತದ ಹಲವು ಭಾಷೆಗಳಿಗೆ ದಾಟಿಸುವ ಬಸವ ಸಮಿತಿಯ ಯೋಜನೆಗೂ ಅವರೇ ಪ್ರಧಾನ ಸಂಪಾದಕರು. ಸಂಸ್ಥೆಯ ಹಳಕಟ್ಟಿ ಸಂಶೋಧನ ಕೇಂದ್ರದಲ್ಲಿ ಆದಿಲ್‌ಶಾಹಿ ಕಾಲದ ಫಾರಸಿ, ಉರ್ದು ಬರಹಗಳನ್ನು ಕನ್ನಡಕ್ಕೆ ತರುವ ಕೆಲಸವನ್ನೂ ಮೇಲೆ ಹಾಕಿಕೊಂಡರು. ಗೋಳಗುಮ್ಮಟದ ನೆರಳಲ್ಲಿದ್ದೂ ನಾವು ಓದಲಾರದೆ ಬಿಟ್ಟಿದ್ದ ನಮ್ಮದೇ ಊರಿನ ಇತಿಹಾಸವದು. ಧೂಲಾಸಾಹೇಬರೂ ಮಧುರಚೆನ್ನರೂ ಒಂದೇ ಚಾಪೆಯ ಮೇಲೆ ಕೂತ ಜಿಲ್ಲೆಗೆ ತಕ್ಕ ಕೆಲಸವೂ ಹೌದು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದಾಗ ಈ ಕೆಲಸ ಇನ್ನೂ ನಡೆದಿತ್ತು. ಕೈಗೆತ್ತಿಕೊಂಡವರು ಬಿಡಲಿಲ್ಲ. ಸಂಪುಟಗಳು ಹೊರಬಂದವು.

ಬಸವನ ಬಾಗೇವಾಡಿಯಲ್ಲಿ ಬಸವಣ್ಣನ ಸ್ಮಾರಕವಿದೆ. ಹತ್ತಿರದ ಇಂಗಳೇಶ್ವರದಲ್ಲಿ ಚೆನ್ನಬಸವ ಸ್ವಾಮಿಗಳು ವಚನಗಳನ್ನು ಕಲ್ಲಿನಲ್ಲಿ ಕೊರೆಸಿ ಶಿಲಾಮಂಟಪ ಕಟ್ಟಿಸಿದ್ದಾರೆ. ಹಲಸಂಗಿ ಗೆಳೆಯರ ಹೆಸರಿನಲ್ಲಿ ಸರ್ಕಾರದ ಪ್ರತಿಷ್ಠಾನವಿದೆ. ಮಧುರಚೆನ್ನರ ಬದುಕು-ಬರಹದ ಮೇಲೆ ಸಂಶೋಧನ ಪ್ರಬಂಧ ಬರೆದ ಗುರುಲಿಂಗ ಕಾಪಸೆಯವರು ಲೋಣಿಯವರೇ, 2024ರಲ್ಲಿ ನಮ್ಮನ್ನಗಲಿದರು. ಈಗ ಮುಂದಾಳುಗಳಿಗೆ ಕೊರತೆಯಿಲ್ಲ. ಕಟ್ಟಡವಿದೆ, ಅನುದಾನವಿದೆ, ಪ್ರಶಸ್ತಿಗಳಿವೆ.

2031ಕ್ಕೆ ‘ಗರತಿಯ ಹಾಡಿ’ಗೆ ನೂರು ತುಂಬುತ್ತದೆ. ಗೆಳೆಯರ ಹೆಸರಿನಲ್ಲಿ ಸಮಾರಂಭಗಳು ನಡೆಯಲಿ, ಸಂಚಿಕೆಗಳೂ ಬರಲಿ. ಅದಕ್ಕೆ ಮುಂಚೆ ನಮ್ಮ ಜಿಲ್ಲೆಯ ಸಂಸ್ಥೆಗಳನ್ನು ನಡೆಸುವವರು ಒಂದು ಕೆಲಸ ಹಂಚಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ. ಹಿಟ್ಟಿನ ಗಿರಣಿ ಬಂದಮೇಲೆ ಕಲ್ಲುಗಳು ಹಿತ್ತಿಲು ಸೇರಿದವು, ಆದರೆ ಕಲ್ಲು ಬೀಸಿದ ಕೈಗಳು ಇನ್ನೂ ಒಂದಿಷ್ಟು ಮನೆಗಳಲ್ಲಿವೆ. ಊರೂರಿನ ಹೆಣ್ಣುಮಕ್ಕಳನ್ನೇ ಅವರ ಹತ್ತಿರ ಕಳಿಸಿ, ಫೋನಿನಲ್ಲಿ ಹಾಡು ಹಿಡಿಯಲಿ. ಹಾಡಿದ ಆಯಿ ಒಪ್ಪಿದರೆ ಅವಳ ಹೆಸರು, ಅವಳಿಗೆ ಕಲಿಸಿದ ತಾಯಿಯ ಹೆಸರು, ತವರೂರು, ಕೊಟ್ಟ ಊರು ಇವಿಷ್ಟನ್ನು ಹಾಡಿನ ಕೆಳಗೇ ಬರೆಯಲಿ. ಶತಮಾನದ ಮುದ್ರಣದಲ್ಲಿ ಪದಾಧಿಕಾರಿಗಳ ಪಟ್ಟಿಗಿಂತ ಮೊದಲು ಆ ಹೆಸರುಗಳು ಅಚ್ಚಾಗಲಿ.