ಸಾವನದುರ್ಗದಲ್ಲಿ ಒಂದು ನಾಣ್ಯಪಾಠ

ಮೊನ್ನೆ ಸಾವನದುರ್ಗಕ್ಕೆ ಹೋಗಿದ್ದೆ. ಜೊತೆಗೆ ನನ್ನ ಅಕ್ಕನ ಮಗ, ಎಂಜಿನಿಯರಿಂಗ್ ವಿದ್ಯಾರ್ಥಿ. ಈ ವರ್ಷ ಆತನ ಐಚ್ಛಿಕ ವಿಷಯ ಬ್ಲಾಕ್‌ಚೈನ್. ಕರಿಗುಡ್ಡದ ಅರ್ಧ ಏರಿ ಏದುಸಿರು ಬಿಡುತ್ತ ಕುಳಿತಾಗ ಆತನೆಂದ: "ಮಾವ, ನಾವು ಓದುವ ನಾಣ್ಯಕ್ಕೆ ರಾಜನ ಮುದ್ರೆ ಬೇಕಿಲ್ಲ. ಲೋಕದಲ್ಲಿ ಇಂಥ ಸಾಹಸ ಇದೇ ಮೊದಲು."

ನಾನು ನಕ್ಕು ಕೆಂಪೇಗೌಡನ ಕಥೆ ಹೇಳಿದೆ. ಬೆಂಗಳೂರು ಕಟ್ಟಿದ ಆ ಪ್ರಭು ವಿಜಯನಗರದ ಅಪ್ಪಣೆಯಿಲ್ಲದೆ ಸ್ವಂತ ಟಂಕಸಾಲೆ ತೆರೆದು ವರಹ ಹಾಕಿಸಿದನಂತೆ. ಫಲ: ಆನೆಗೊಂದಿಯಲ್ಲಿ ಐದು ವರ್ಷ ಸೆರೆ, ಸೀಮೆ ಚನ್ನಪಟ್ಟಣದ ಜಗದೇವರಾಯನ ಪಾಲು. ಕೊನೆಗೆ ಭಾರಿ ದಂಡ ತೆತ್ತು ಬಿಡುಗಡೆಯಾದನೆಂದು ಹಿಂದಿನವರು ಹೇಳುತ್ತಾರೆ. ಈ ಕಥೆಯಲ್ಲಿ ಚಿನ್ನ ಕಳಪೆಯೆಂಬ ದೂರಿಲ್ಲ. ಜಗಳವೆಲ್ಲ ಮುದ್ರೆಯೊತ್ತುವ ಹಕ್ಕಿನದು. ಆತನ ವಂಶಜರು ಭಂಡಾರವನ್ನು ಈ ದುರ್ಗದಲ್ಲಿಟ್ಟು ಕಾದರು. 1728ರಲ್ಲಿ ಮೈಸೂರಿನ ದಳವಾಯಿ ಕೋಟೆಯನ್ನು ಗೆದ್ದಾಗ ಅದೂ ಶ್ರೀರಂಗಪಟ್ಟಣಕ್ಕೆ ಹೋಯಿತು.

"ನಮ್ಮದಕ್ಕೆ ಕೋಟೆಯೇ ಬೇಡ" ಎಂದ ಹುಡುಗ. 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನ ಮರೆಯಲ್ಲಿದ್ದ ಯಾರೋ ಬಿಟ್‌ಕಾಯಿನ್ನಿನ ವಿಧಾನವನ್ನು ಬರೆದು ಹಂಚಿದರು. 2009ರ ಜನವರಿ 3ರಂದು ಅದರ ಮೊದಲ ಪುಟ ಹುಟ್ಟಿತು. ಎಷ್ಟೇ ಕಾಲ ಕಳೆದರೂ ಆ ನಾಣ್ಯಗಳು 2 ಕೋಟಿ 10 ಲಕ್ಷ ದಾಟುವಂತಿಲ್ಲ. 2014ರಲ್ಲಿ ಸೈಪ್ರಸ್ಸಿನ ನಿಕೋಸಿಯಾ ವಿಶ್ವವಿದ್ಯಾಲಯ ಈ ವಿದ್ಯೆಗೆಂದೇ ಸ್ನಾತಕೋತ್ತರ ತರಗತಿ ತೆರೆಯಿತು.

ಕನ್ನಡ ಮೇಷ್ಟರಾದ ನನಗೆ ಇದು ತಿಳಿದದ್ದು ನಮ್ಮ ಕಡತದ ಮೂಲಕ. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲ ಮಸಿ ಬಳಿದು ಮಡಿಸಿದ ಕಡತದಲ್ಲಿ ಶಾನುಭೋಗರು ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಒರಸಿದರೆ ಹೋಯಿತು, ಊರಿನ ನ್ಯಾಯವೆಲ್ಲ ಒಬ್ಬರ ಪ್ರಾಮಾಣಿಕತೆಗೆ ಬಿಟ್ಟದ್ದು. ಈ ಹೊಸ ಕಡತದ ಪ್ರತಿ ಸಾವಿರಾರು ಯಂತ್ರಗಳಲ್ಲಿದೆ; ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತಿದೆ. ಒಂದು ಅಂಕೆ ತಿದ್ದಿದರೆ ಮುಂದಿನ ಪುಟಗಳೆಲ್ಲ ಸಾಕ್ಷಿ ಹೇಳುತ್ತವೆ. ಶಾಸನ ಕೆಡಿಸಿದವನಿಗೆ ನಮ್ಮ ಹಿರಿಯರು ನರಕದ ಶಾಪ ಕೆತ್ತಿಸಿದರು. ಇಲ್ಲಿ ಶಾಪದ ಸ್ಥಾನದಲ್ಲಿ ಗಣಿತ ಕುಳಿತಿದೆ.

ಆದರೆ ರಾಜನೇನೂ ಮರೆಯಾಗಿಲ್ಲ. ಇಂಥ ನಾಣ್ಯದ ವ್ಯಾಪಾರಿಗಳೊಡನೆ ವ್ಯವಹರಿಸಬಾರದೆಂದು ರಿಸರ್ವ್ ಬ್ಯಾಂಕು 2018ರಲ್ಲಿ ಬ್ಯಾಂಕುಗಳನ್ನು ತಡೆಯಿತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆ ತಡೆಯನ್ನು ತೆಗೆಯಿತು. 2022ರಲ್ಲಿ ಸರ್ಕಾರ ಅದರ ಲಾಭದ ಮೇಲೆ ಶೇಕಡಾ 30 ತೆರಿಗೆ ಹಾಕಿತು. ಅದೇ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ತನ್ನದೇ ಮುದ್ರೆಯ ಡಿಜಿಟಲ್ ರೂಪಾಯಿಯನ್ನು ಜನರ ಕೈಗೆ ಪ್ರಯೋಗಕ್ಕೆ ಕೊಟ್ಟಿತು. ಆ ಮೊದಲ ನಾಲ್ಕು ನಗರಗಳಲ್ಲಿ ಕೆಂಪೇಗೌಡನ ಬೆಂಗಳೂರೂ ಒಂದು!

ಇಳಿಯುವಾಗ ಹುಡುಗ ಮೆಲ್ಲಗೆ ಬಾಯಿಬಿಟ್ಟ: "ಹಾಸ್ಟೆಲ್ಲಿಗೆಂದು ಅಮ್ಮ ಕೊಟ್ಟದ್ದರಲ್ಲಿ ಸ್ವಲ್ಪ ಅದರಲ್ಲಿ ಹಾಕಿದ್ದೇನೆ. ಬೆಲೆ ಇಳಿದಿದೆ. ಅವಳಿಗೆ ಹೇಳಬೇಡಿ, ಮಾವ."

ಲೆಕ್ಕ ಸುಳ್ಳಾಗದಂತೆ ಕಾಯುವ ಕಡತ, ಬೆಲೆ ಇಳಿಯದಂತೆ ಕಾಯಲಾರದು. ಆ ಪಾಠ ಪಠ್ಯದಲ್ಲಿದೆಯೋ ಇಲ್ಲವೋ, ಬಂಡೆಯ ಮೇಲೆ ಅವನಿಗೆ ಸಿಕ್ಕಿತ್ತು. ನಾನು ಕೇಳಿದೆ: "ಎಲ್ಲರ ಕಣ್ಣಿಗೂ ಬೀಳುವ ಲೆಕ್ಕ ಎಂದೆಯಲ್ಲ, ನಿಮ್ಮಮ್ಮನ ಕಣ್ಣಿಗೆ ಬೀಳುವುದು ಬೇಡವೆ?"

ಮಾಗಡಿಯ ಬಸ್ಸು ಬರುವವರೆಗೂ ಆತ ಮಾತಾಡಲಿಲ್ಲ. ಬಸ್ಸು ಹತ್ತುವ ಮುನ್ನ ಮನೆಗೆ ಫೋನು ಮಾಡಿದ.