ಸಾಮರ್ಥ್ಯಾಧಾರಿತ ದೂರವ್ಯಾಸಂಗ: ಒಂದು ಐತಿಹಾಸಿಕ ಪರಿಶೀಲನೆ

ತರಗತಿಗೆ ಹೋಗದೆ ಅಂತರ್ಜಾಲದ ಮೂಲಕ ಓದಿ, ವಿಷಯವನ್ನು ಕರಗತ ಮಾಡಿಕೊಂಡುದನ್ನು ಪರೀಕ್ಷೆಯಿಂದ ತೋರಿಸಿದ ಕೂಡಲೇ ಮುಂದಿನ ಪಾಠಕ್ಕೆ ಸಾಗುವ ಕ್ರಮಕ್ಕೆ ಸಾಮರ್ಥ್ಯಾಧಾರಿತ ವ್ಯಾಸಂಗವೆಂದು ಹೆಸರು. ಇದು ತನಗೆ ಒಗ್ಗುವುದೇ ಎಂಬ ವಿದ್ಯಾರ್ಥಿಯ ಪ್ರಶ್ನೆ ತೀರ ಹೊಸದೆಂದು ತೋರಬಹುದು. ಆದರೆ ಅದರ ಬೇರುಗಳು ಹತ್ತೊಂಬತ್ತನೆಯ ಶತಮಾನದಲ್ಲಿವೆ. ಆ ಇತಿಹಾಸವು ಈ ಪ್ರಶ್ನೆಗೆ ಎಷ್ಟರಮಟ್ಟಿಗೆ ಉತ್ತರ ನೀಡುವುದೆಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

1858ರ ಸನ್ನದಿನ ಅನ್ವಯ ಲಂಡನ್ ವಿಶ್ವವಿದ್ಯಾನಿಲಯವು, ವೈದ್ಯಶಾಸ್ತ್ರವನ್ನುಳಿದು, ಅಭ್ಯರ್ಥಿಯು ಯಾವ ಕಾಲೇಜಿನಲ್ಲಿ ಓದಿದನೆಂದು ಕೇಳದೆ ಪರೀಕ್ಷೆಗೆ ಪ್ರವೇಶ ಕೊಟ್ಟಿತು. ಹೀಗೆ ಬೋಧನೆಯೂ ಪರೀಕ್ಷೆಯೂ ಬೇರ್ಪಟ್ಟವು. ಬಾಗಿಲೇನೋ ತೆರೆಯಿತು, ಆದರೆ ಕಲಿಯುವ ಹೊಣೆಯೆಲ್ಲ ಅಭ್ಯರ್ಥಿಯ ಹೆಗಲಿಗೆ ಬಿದ್ದಿತು. ಈ ಕೊರತೆಯನ್ನು ತುಂಬಲು ವಿಲಿಯಂ ಬ್ರಿಗ್ಸ್ 1887ರಲ್ಲಿ ಅಂಚೆಯ ಮೂಲಕ ಪಾಠ ಹೇಳುವ ಕಾಲೇಜೊಂದನ್ನು ಸ್ಥಾಪಿಸಿದನು. ಅಲ್ಲಿ ಕೆಲಕಾಲ ಬೋಧಕನಾಗಿದ್ದ ಎಚ್. ಜಿ. ವೆಲ್ಸ್‌ನ ಉದಾಹರಣೆ ಗಮನಾರ್ಹವಾದುದು. ಪದವಿಯಿಲ್ಲದೆ ವಿಜ್ಞಾನ ಶಾಲೆಯನ್ನು ಬಿಟ್ಟಿದ್ದ ಆತನು 1890ರಲ್ಲಿ ಲಂಡನ್ನಿನ ಬಿ.ಎಸ್‌ಸಿ. ಪಡೆದನು. ಆದರೆ ಆತನು ಹಕ್ಸ್‌ಲಿಯಂತಹ ಗುರುವಿನ ಬಳಿ ಮೊದಲೇ ಕಲಿತಿದ್ದನೆಂಬುದನ್ನು ಮರೆಯಲಾಗದು. ತೆರೆದ ಪರೀಕ್ಷೆಯು ಆತನಿಗೆ ಜ್ಞಾನವನ್ನು ಕೊಡಲಿಲ್ಲ, ಇದ್ದ ಜ್ಞಾನಕ್ಕೆ ಮುದ್ರೆಯೊತ್ತಿತು.

ಲಂಡನ್ ಬೋಧನೆಯನ್ನು ಬೇರ್ಪಡಿಸಿದರೆ, 1997ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳ ಗವರ್ನರರು ಕೂಡಿ ಸ್ಥಾಪಿಸಿದ ವೆಸ್ಟರ್ನ್ ಗವರ್ನರ್ಸ್ ವಿಶ್ವವಿದ್ಯಾನಿಲಯವು ಕಾಲವನ್ನೂ ಸಡಿಲಿಸಿತು. ಅಲ್ಲಿ ಶುಲ್ಕವು ಆರು ತಿಂಗಳ ಅವಧಿಗೆ ನಿಗದಿಯಾಗಿದೆ. ಆ ಅವಧಿಯಲ್ಲಿ ಎಷ್ಟು ವಿಷಯಗಳನ್ನಾದರೂ ಮುಗಿಸಬಹುದು. ಆದಕಾರಣ ಬಲ್ಲವನಿಗೆ ಹಣವೂ ವರ್ಷಗಳೂ ಉಳಿಯುತ್ತವೆ. ಕೆಲಸವನ್ನು ನಾಳೆಗೆ ತಳ್ಳುವವನಿಗೆ ಅವಧಿಯ ಮೇಲೆ ಅವಧಿ ಬೆಳೆದು ವೆಚ್ಚವೇರುತ್ತದೆ. 2017ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯ ತಪಾಸಣಾಧಿಕಾರಿಯ ಕಚೇರಿಯು, ಇಲ್ಲಿ ಅಧ್ಯಾಪಕರ ನಿಯತ ಸಂಪರ್ಕ ಸಾಲದೆಂದು ಆಕ್ಷೇಪಿಸಿ, 71 ಕೋಟಿ ಡಾಲರಿಗೂ ಮಿಕ್ಕ ನೆರವನ್ನು ಹಿಂಪಡೆಯುವಂತೆ ಶಿಫಾರಸು ಮಾಡಿತು. 2019ರಲ್ಲಿ ಇಲಾಖೆಯು ಅದನ್ನು ಒಪ್ಪಲಿಲ್ಲ. ವಿವಾದದ ತಿರುಳು ಮಾತ್ರ 1858ರದೇ: ಗುರುವಿನ ಪಾಲು ಎಷ್ಟು?

ಮಾನ್ಯತೆಯ ಪ್ರಶ್ನೆಗೆ ನಮ್ಮ ನಾಡಿನ ನಿದರ್ಶನವೇ ಸಾಕು. 1969ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ಸಂಸ್ಥೆಯಿಂದ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ರೂಪುಗೊಂಡಿತು. ಅದಕ್ಕೆ 2013-14ರಿಂದ ಮಾನ್ಯತೆಯಿಲ್ಲವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಮಾನ್ಯತೆ ಮರಳಿತು. ನಡುವಣ ವರ್ಷಗಳಲ್ಲಿ ಸೇರಿದವರು ಓದಿನಲ್ಲಿ ತಪ್ಪದಿದ್ದರೂ ಅವರ ಪದವಿಯ ಬೆಲೆ ಸಂದೇಹಕ್ಕೆ ಸಿಲುಕಿತು.

ಈ ಸಂಗತಿಗಳಿಂದ ಮೂರು ಪ್ರಶ್ನೆಗಳು ಹೊರಡುತ್ತವೆಂದು ನಮಗೆ ತೋರುತ್ತದೆ. ವಿಷಯದಲ್ಲಿ ಈಗಾಗಲೇ ತಕ್ಕಮಟ್ಟಿನ ಪರಿಚಯವಿದೆಯೇ? ಬೇರೊಬ್ಬರ ಗಂಟೆಯ ಸದ್ದಿಲ್ಲದೆ ನಿತ್ಯವೂ ಓದಿಗೆ ಕುಳಿತುಕೊಳ್ಳುವ ಅಭ್ಯಾಸವಿದೆಯೇ? ಪದವಿಯನ್ನು ಕೇಳುವ ಉದ್ಯೋಗದಾತನೂ ಮುಂದಿನ ವಿದ್ಯಾಸಂಸ್ಥೆಯೂ ಅದನ್ನು ಅಂಗೀಕರಿಸುವರೇ? ಮೂರಕ್ಕೂ ಹೌದೆನ್ನಬಲ್ಲ ದುಡಿಯುವ ವಯಸ್ಕನಿಗೆ ಈ ಮಾರ್ಗವು ಉಪಕಾರಿ. ವಿಷಯದ ಹೊಸ್ತಿಲಲ್ಲೇ ನಿಂತಿರುವ ಎಳೆಯ ವಿದ್ಯಾರ್ಥಿಗೆ ಅಧ್ಯಾಪಕನೂ ಸಹಪಾಠಿಗಳೂ ಇರುವ ತರಗತಿಯೇ ಲೇಸೆಂಬುದು ನಮ್ಮ ಅಭಿಪ್ರಾಯ.