‘ನಾಳೆಯಿಂದ ಬರಬೇಡ’ ಅಂದ್ರೆ ಕೆಲಸ ಹೋಯ್ತಾ? ಕಾನೂನು ಏನು ಹೇಳುತ್ತೆ ನೋಡಿ

ಅಂಗಡಿ, ಹೋಟೆಲ್, ಖಾಸಗಿ ಕಚೇರಿಗಳಲ್ಲಿ ದುಡಿಯುವವರನ್ನು ಮಾಲೀಕರು ಮನಸ್ಸಿಗೆ ಬಂದಂತೆ ತೆಗೆದುಹಾಕುವಂತಿಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಸೆಕ್ಷನ್ 39ರ ಪ್ರಕಾರ, ಸತತ 6 ತಿಂಗಳು ಕೆಲಸ ಮಾಡಿದವರನ್ನು ತೆಗೆಯಲು ಸಕಾರಣ ಇರಲೇಬೇಕು. ಜೊತೆಗೆ 1 ತಿಂಗಳು ಮೊದಲೇ ನೋಟಿಸ್, ಇಲ್ಲವೇ ಅದರ ಬದಲು 1 ತಿಂಗಳ ಸಂಬಳ ಕೊಡಬೇಕು.

ಕಳ್ಳತನದಂಥ ದುರ್ನಡತೆ ಆರೋಪವಿದ್ದರೆ? ಆಗ ನೋಟಿಸ್ ಬೇಕಿಲ್ಲ. ಆದರೆ ವಿಚಾರಣೆ ನಡೆಸಿ, ಸಾಕ್ಷ್ಯ ದಾಖಲಿಸಿರಬೇಕು. ಬರೀ ಅನುಮಾನ ಸಾಲದು.

ನೆನಪಿಡಿ: ಒತ್ತಡಕ್ಕೆ ಮಣಿದು ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಡಿ. ಹಾಕಿದ್ರೆ ‘ಅವರೇ ಬಿಟ್ಟು ಹೋದ್ರು’ ಅಂತ ವಾದಿಸೋದು ಮಾಲೀಕರಿಗೆ ಸುಲಭ. ಸಂಬಳ ಜಮೆಯಾದ ಬ್ಯಾಂಕ್ ದಾಖಲೆ, ವಾಟ್ಸ್‌ಆ್ಯಪ್ ಮೆಸೇಜ್‌ಗಳನ್ನು ಜೋಪಾನವಾಗಿಡಿ.

ಅನ್ಯಾಯವಾಗಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಅದಕ್ಕೆ ಕಾಲಮಿತಿ ಇರುವುದರಿಂದ ತಡಮಾಡದೆ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ವಿಚಾರಿಸಿ.